ಎಡ್ವರ್ಡ್ ಲಾರಿ

ಎಡ್ವರ್ಡ್ ಲಾರಿ (1846–1915) ಬ್ರಿಟಿಷ್ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಶಸ್ತ್ರವೈದ್ಯರು. ಹೈದರಾಬಾದ್ ಸಂಸ್ಥಾನದಲ್ಲಿ ರೆಸಿಡೆನ್ಸಿ ಸರ್ಜನ್ ಆಗಿಯೂ ಹೈದರಾಬಾದ್ ಮೆಡಿಕಲ್ ಸ್ಕೂಲಿನ ಪ್ರಾಂಶುಪಾಲರಾಗಿಯೂ ಸೇವೆ ಸಲ್ಲಿಸಿದರು. ಶಸ್ತ್ರಕ್ರಿಯೆಯ ಸಮಯದಲ್ಲಿ ಬಳಸುತ್ತಿದ್ದ ಕ್ಲೋರೋಫಾರ್ಮ್ ಎಂಬ ಅರಿವಳಿಕೆ ಔಷಧದಿಂದ ಅಪರೂಪವಾಗಿ ಸಂಭವಿಸುತ್ತಿದ್ದ ಹಠಾತ್ ಸಾವುಗಳ ಕಾರಣವನ್ನು ತಿಳಿಯಲು 1888 ಮತ್ತು 1889ರಲ್ಲಿ ನಡೆದ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳ ಹಿಂದಿನ ಮುಖ್ಯ ಪ್ರೇರಕರು ಇವರೇ. ಕ್ಲೋರೋಫಾರ್ಮ್ ಮಿದುಳಿನ ಉಸಿರಾಟದ ಕೇಂದ್ರವನ್ನು ಸ್ತಬ್ಧಗೊಳಿಸಿ ಕೊಲ್ಲುತ್ತದೆಯೇ ಹೊರತು ಹೃದಯವನ್ನು ನೇರವಾಗಿ ಬಾಧಿಸುವುದಿಲ್ಲ ಎಂಬುದು ಅವರ ಜೀವಮಾನದ ವಾದವಾಗಿತ್ತು. ಈ ವಾದದ ಒಂದು ಭಾಗ ಸರಿಯಾಗಿತ್ತು, ಇನ್ನೊಂದು ಭಾಗ ತಪ್ಪಾಗಿತ್ತು ಎಂಬುದು ಅವರ ಕಾಲಾನಂತರ ಖಚಿತವಾಯಿತು.

ಲಾರಿಯವರ ಕಾರ್ಯಕ್ಷೇತ್ರವಾಗಿದ್ದ ನಿಜಾಮ ಸಂಸ್ಥಾನದಲ್ಲಿ ಇಂದಿನ ಕಲ್ಯಾಣ ಕರ್ನಾಟಕದ ಕಲಬುರಗಿ, ರಾಯಚೂರು ಮತ್ತು ಬೀದರ್ ಜಿಲ್ಲೆಗಳೂ ಸೇರಿದ್ದವು. ಈ ಕನ್ನಡ ಜಿಲ್ಲೆಗಳಿಗೆ ಪಾಶ್ಚಾತ್ಯ ವೈದ್ಯಪದ್ಧತಿ ಬಂದದ್ದು ಬಹುಮಟ್ಟಿಗೆ ಹೈದರಾಬಾದಿನ ಮೂಲಕ.

ಆರಂಭಿಕ ಜೀವನ ಮತ್ತು ಶಿಕ್ಷಣ

ಲಾರಿ 1846ರಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿದರು. ಅಲ್ಲಿ ಅವರ ಗುರುಗಳಾಗಿದ್ದವರು ಆ ಕಾಲದ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಸೈಮ್ (1799–1870). ಸೈಮ್ ಅವರ ಅಳಿಯ ಜೋಸೆಫ್ ಲಿಸ್ಟರ್ ನಂಜುನಿರೋಧಕ ಶಸ್ತ್ರಕ್ರಿಯೆಯ ಜನಕರೆಂದು ಹೆಸರಾದವರು. ಲಾರಿಯವರ ಮುಂದಿನ ಬದುಕನ್ನು ಅರ್ಥಮಾಡಿಕೊಳ್ಳಲು ಸೈಮ್ ಅವರ ಬೋಧನೆಯನ್ನು ತಿಳಿಯುವುದು ಅಗತ್ಯ. ಕ್ಲೋರೋಫಾರ್ಮ್ ಕೊಡುವಾಗ ರೋಗಿಗೆ ಸಾಕಷ್ಟು ಗಾಳಿ ಸಿಗಬೇಕು, ಔಷಧ ಶುದ್ಧವಾಗಿರಬೇಕು, ನಾಲಿಗೆ ಹಿಂದಕ್ಕೆ ಬಿದ್ದು ಗಂಟಲನ್ನು ಮುಚ್ಚದಂತೆ ನೋಡಿಕೊಳ್ಳಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕೊಡುವವನ ಕಣ್ಣು ಸದಾ ಉಸಿರಾಟದ ಮೇಲಿರಬೇಕು ಎಂಬುದು ಸೈಮ್ ಅವರ ನಿಯಮ. ನಾಡಿಯನ್ನು ಹಿಡಿದು ಕೂರುವುದರಿಂದ ಪ್ರಯೋಜನವಿಲ್ಲ. ನಾಡಿ ಕೆಡುವ ಹೊತ್ತಿಗೆ ಅನಾಹುತ ಆಗಿಹೋಗಿರುತ್ತದೆ ಎಂದು ಅವರು ತಮ್ಮ ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದರು. ಈ ಪಾಠವನ್ನು ಲಾರಿ ಕೊನೆಯವರೆಗೂ ಬಿಡಲಿಲ್ಲ.

1872ರಲ್ಲಿ ಅವರು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಭಾರತಕ್ಕೆ ಬಂದರು. ಕೆಲವು ವರ್ಷ ಲಾಹೋರಿನ ವೈದ್ಯಕೀಯ ಶಾಲೆಯಲ್ಲಿ ಶಸ್ತ್ರವೈದ್ಯ ವಿಷಯದ ಪ್ರಾಧ್ಯಾಪಕರಾಗಿದ್ದರು.

ಹಿನ್ನೆಲೆ: ಕ್ಲೋರೋಫಾರ್ಮಿನ ಸಾವುಗಳು

1847ರ ನವೆಂಬರಿನಲ್ಲಿ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಅರಿವಳಿಕೆಯಾಗಿ ಬಳಕೆಗೆ ತಂದರು. ಈಥರ್‌ಗಿಂತ ಬೇಗ ಕೆಲಸ ಮಾಡುತ್ತಿದ್ದ, ಬೆಂಕಿ ಹತ್ತದ, ಸಿಹಿ ವಾಸನೆಯ ಈ ದ್ರವ ಕೆಲವೇ ವಾರಗಳಲ್ಲಿ ಯುರೋಪಿನಾದ್ಯಂತ ಹರಡಿತು. ಆದರೆ ಮೂರು ತಿಂಗಳು ತುಂಬುವ ಮೊದಲೇ, 1848ರ ಜನವರಿ 28ರಂದು, ಉತ್ತರ ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ವಿನ್ಲಾಟನ್ ಎಂಬಲ್ಲಿ ಹ್ಯಾನ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳುವಾಗ ತೀರಿಕೊಂಡಳು. ಅಷ್ಟು ಚಿಕ್ಕ ಶಸ್ತ್ರಕ್ರಿಯೆಗೆ ಜೀವ ಹೋದದ್ದು ವೈದ್ಯಲೋಕವನ್ನು ನಡುಗಿಸಿತು.

ಅವಳು ಸತ್ತದ್ದೇಕೆ ಎಂಬ ಪ್ರಶ್ನೆಗೆ ಎರಡು ಉತ್ತರಗಳು ಹುಟ್ಟಿದವು. ಲಂಡನ್ನಿನ ಜಾನ್ ಸ್ನೋ ಅವರು ಗಾಳಿಯಲ್ಲಿ ಕ್ಲೋರೋಫಾರ್ಮಿನ ಪ್ರಮಾಣ ಹೆಚ್ಚಾದರೆ ಹೃದಯ ನೇರವಾಗಿ ಸ್ತಬ್ಧವಾಗುತ್ತದೆ ಎಂದು ವಾದಿಸಿ, ಆವಿಯನ್ನು ಅಳೆದು ಕೊಡುವ ಸಾಧನಗಳನ್ನು ರೂಪಿಸಿದರು. ಎಡಿನ್‌ಬರೋ ಪಂಥದವರು ಇದನ್ನು ಒಪ್ಪಲಿಲ್ಲ. ಸಿಂಪ್ಸನ್ ಅವರಂತೂ ಹುಡುಗಿಯನ್ನು ಎಚ್ಚರಿಸಲೆಂದು ಬಾಯಿಗೆ ಹಾಕಿದ ನೀರು ಮತ್ತು ಬ್ರಾಂದಿಯೇ ಅವಳ ಉಸಿರು ಕಟ್ಟಿಸಿತೆಂದರು. ಹೀಗೆ ಆರಂಭವಾದ ಲಂಡನ್–ಎಡಿನ್‌ಬರೋ ಜಗಳ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು.

ಇದು ಕೇವಲ ಪಾಂಡಿತ್ಯದ ಜಗಳವಾಗಿರಲಿಲ್ಲ. ಸಾವು ಉಸಿರಾಟದ ಕಡೆಯಿಂದ ಬರುವುದಾದರೆ ಉಸಿರನ್ನು ಗಮನಿಸುವ ಎಚ್ಚರಿಕೆಯ ವೈದ್ಯನ ಕೈಯಲ್ಲಿ ಯಾರೂ ಸಾಯಬೇಕಾಗಿಲ್ಲ; ಆದ ಪ್ರತಿಯೊಂದು ಸಾವಿಗೂ ಕ್ಲೋರೋಫಾರ್ಮ್ ಕೊಟ್ಟವನೇ ಹೊಣೆ. ಹೃದಯದ ಕಡೆಯಿಂದ ಬರುವುದಾದರೆ ಎಷ್ಟೇ ಎಚ್ಚರಿಕೆ ವಹಿಸಿದರೂ ಕೆಲವರು ಸಾಯುವುದು ತಪ್ಪದು. ಆಗ ಔಷಧವನ್ನೇ ಬಿಡಬೇಕಾಗುತ್ತದೆ. ಯುದ್ಧಭೂಮಿಗಳಲ್ಲೂ ಭಾರತದಂಥ ಬಿಸಿ ದೇಶಗಳಲ್ಲೂ ಕ್ಲೋರೋಫಾರ್ಮೇ ಮುಖ್ಯ ಅರಿವಳಿಕೆಯಾಗಿತ್ತು. ಬೇಗ ಆವಿಯಾಗಿ ಬೆಂಕಿ ಹತ್ತುವ ಈಥರನ್ನು ಸೆಖೆಯಲ್ಲಿ ಸಾಗಿಸುವುದೂ ದೀಪದ ಬೆಳಕಿನಲ್ಲಿ ಬಳಸುವುದೂ ಕಷ್ಟವಾಗಿದ್ದುದರಿಂದ ಇಲ್ಲಿನ ವೈದ್ಯರಿಗೆ ಬೇರೆ ಆಯ್ಕೆಯೇ ಹೆಚ್ಚಾಗಿ ಇರಲಿಲ್ಲ.

ಹೈದರಾಬಾದಿನಲ್ಲಿ

1885ರಲ್ಲಿ ಲಾರಿ ಹೈದರಾಬಾದಿಗೆ ರೆಸಿಡೆನ್ಸಿ ಸರ್ಜನ್ ಆಗಿ ಬಂದರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ಆಗ ಇನ್ನೂ ಇಪ್ಪತ್ತರ ಒಳಗಿನ ಯುವಕ. ರೆಸಿಡೆನ್ಸಿಯ ಕೆಲಸದ ಜೊತೆಗೆ ಹೈದರಾಬಾದ್ ಮೆಡಿಕಲ್ ಸ್ಕೂಲ್ ಮತ್ತು ಅಫ್ಜಲ್‌ಗಂಜ್ ಆಸ್ಪತ್ರೆಯ ಹೊಣೆಯೂ ಲಾರಿಯವರ ಮೇಲೆ ಬಿತ್ತು. ಈ ಶಾಲೆ 1846ರಲ್ಲಿ ನಾಲ್ಕನೆಯ ನಿಜಾಮ ನಾಸಿರುದ್ದೌಲರ ಕಾಲದಲ್ಲಿ ಆರಂಭವಾಗಿತ್ತು. ಮೊದಲಿಗೆ ಅಲ್ಲಿ ಉರ್ದು ಭಾಷೆಯಲ್ಲಿ ಪಾಠ ನಡೆಯುತ್ತಿತ್ತು. ಉತ್ತೀರ್ಣರಾದವರಿಗೆ ಹಕೀಮ್ ಎಂಬ ಪದವಿ ದೊರೆಯುತ್ತಿತ್ತು.

ಲಾರಿಯವರ ಕಾಲದಲ್ಲಿ ಶಾಲೆಯಲ್ಲಿ ಆದ ಒಂದು ಬದಲಾವಣೆಯನ್ನು ಕ್ಲೋರೋಫಾರ್ಮಿನ ಗದ್ದಲದಲ್ಲಿ ಹಲವರು ಮರೆಯುತ್ತಾರೆ. 1885ರಲ್ಲಿ ಮಹಿಳೆಯರಿಗೂ ಪ್ರವೇಶ ದೊರೆಯಿತು. ಹಾಗೆ ಸೇರಿದವರಲ್ಲಿ ಪಾರ್ಸಿ ಸಮುದಾಯದ ರೂಪಾಬಾಯಿ ಫರ್ದೂನ್‌ಜಿ ಒಬ್ಬರು. ವ್ಯಾಸಂಗ ಮುಗಿಸಿದ ಬಳಿಕ ಅವರು ಹೈದರಾಬಾದಿನ ಆಸ್ಪತ್ರೆಗಳಲ್ಲಿ ಕ್ಲೋರೋಫಾರ್ಮ್ ಕೊಡುವ ಕೆಲಸವನ್ನೇ ವೃತ್ತಿಯಾಗಿ ಮಾಡಿದರು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಇಂದು ಅವರನ್ನು ಗುರುತಿಸಲಾಗುತ್ತದೆ. 1909ರಲ್ಲಿ ಅವರು ಹೆಚ್ಚಿನ ವ್ಯಾಸಂಗಕ್ಕೆ ಎಡಿನ್‌ಬರೋಗೆ ತೆರಳಿದರು. ಅರಿವಳಿಕೆ ಎಂಬುದು ಪ್ರತ್ಯೇಕ ವೃತ್ತಿಯಾಗಿ ಇನ್ನೂ ರೂಪುಗೊಳ್ಳದಿದ್ದ ಕಾಲದಲ್ಲಿ, ಶಸ್ತ್ರವೈದ್ಯರ ಕೈಕೆಳಗಿನ ಯಾರಾದರೊಬ್ಬರು ಬಟ್ಟೆಯ ಮೇಲೆ ಹನಿ ಹಾಕುತ್ತಿದ್ದ ಕಾಲದಲ್ಲಿ, ಇದು ಸಣ್ಣ ಸಂಗತಿಯಲ್ಲ.

ಲಾರಿಯವರ ವಿಧಾನ ಸರಳವಾಗಿತ್ತು. ಬಟ್ಟೆಯ ತೆರೆದ ಕೊಳವೆಯೊಂದನ್ನು ಮೂಗು–ಬಾಯಿಗಳ ಮೇಲೆ ಹಿಡಿದು ಅದರೊಳಗೆ ಕ್ಲೋರೋಫಾರ್ಮ್ ಹನಿಸಲಾಗುತ್ತಿತ್ತು. ರೋಗಿ ಅಂಗಾತ ಮಲಗಿರಬೇಕು, ಎದೆಯ ಮೇಲಿನ ಬಟ್ಟೆ ಸಡಿಲವಾಗಿರಬೇಕು, ಉಸಿರು ಕ್ರಮವಾಗಿ ನಡೆಯುತ್ತಿರಬೇಕು. ಕಣ್ಣಿನ ಕರಿಗುಡ್ಡೆಯ ಮೇಲ್ಪೊರೆಯನ್ನು ಮುಟ್ಟಿದಾಗ ರೆಪ್ಪೆ ಮುಚ್ಚದಿದ್ದರೆ ಅರಿವಳಿಕೆ ಪೂರ್ಣವಾಗಿದೆ ಎಂದರ್ಥ. ಆಗ ಔಷಧವನ್ನು ನಿಲ್ಲಿಸಿ ಶಸ್ತ್ರಕ್ರಿಯೆ ಆರಂಭಿಸಬೇಕು. ಸೈಮ್ ಕಲಿಸಿದಂತೆ ನಾಡಿಯನ್ನು ನೋಡುವ ಗೋಜಿಲ್ಲ. ಈ ಕ್ರಮದಲ್ಲಿ ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಟ್ಟಿದ್ದರೂ ಸಾವು ಸಂಭವಿಸಿಲ್ಲ ಎಂಬುದು ಲಾರಿಯವರ ಹೆಮ್ಮೆಯಾಗಿತ್ತು.

ಮೊದಲ ಆಯೋಗ

1888ರಲ್ಲಿ ನಿಜಾಮ ಸರ್ಕಾರದ ಬೆಂಬಲದೊಂದಿಗೆ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ ರಚನೆಯಾಯಿತು. ಪ್ಯಾಟ್ರಿಕ್ ಹೆಹಿರ್ ಅದರಲ್ಲಿ ಪ್ರಮುಖರು. ನೂರಕ್ಕೂ ಹೆಚ್ಚು ಬೀದಿನಾಯಿಗಳಿಗೆ ಬಗೆಬಗೆಯಾಗಿ ಕ್ಲೋರೋಫಾರ್ಮ್ ಕೊಟ್ಟು, ಉಸಿರಾಟ ಮತ್ತು ಹೃದಯಗಳಲ್ಲಿ ಯಾವುದು ಮೊದಲು ನಿಲ್ಲುತ್ತದೆ ಎಂದು ನೋಡಲಾಯಿತು. ಪ್ರತಿ ಬಾರಿಯೂ ಉಸಿರಾಟವೇ ಮೊದಲು ನಿಂತು, ಹೃದಯ ಸ್ವಲ್ಪ ಹೊತ್ತಿನ ನಂತರ ನಿಂತಿತು ಎಂದು ಆಯೋಗ ವರದಿ ಮಾಡಿತು.

1889ರ ಆರಂಭದಲ್ಲಿ ವಿಕ್ಟೋರಿಯಾ ರಾಣಿಯ ಮಗ ಡ್ಯೂಕ್ ಆಫ್ ಕನಾಟ್ ಹೈದರಾಬಾದಿಗೆ ಬಂದಿದ್ದಾಗ ನಡೆದ ವೈದ್ಯಕೀಯ ಶಾಲೆಯ ಬಹುಮಾನ ವಿತರಣೆಯ ಸಭೆಯಲ್ಲಿ ಲಾರಿ ಈ ಫಲಿತಾಂಶವನ್ನು ಸಾರಿದರು. ಸುದ್ದಿ ಲಂಡನ್ನಿಗೆ ಮುಟ್ಟಿತು. ಲ್ಯಾನ್ಸೆಟ್ ಪತ್ರಿಕೆ ಈ ತೀರ್ಮಾನವನ್ನು ಒಪ್ಪದೆ ಸಂಪಾದಕೀಯ ಬರೆಯಿತು. ಯುರೋಪಿನ ಪ್ರಯೋಗಶಾಲೆಗಳಲ್ಲಿ ಹೃದಯ ಮೊದಲು ನಿಂತ ಉದಾಹರಣೆಗಳಿರುವಾಗ ಹೈದರಾಬಾದಿನ ನಾಯಿಗಳ ಸಾಕ್ಷ್ಯವನ್ನು ನೆಚ್ಚುವುದು ಹೇಗೆ ಎಂಬುದು ಅದರ ಆಕ್ಷೇಪದ ಸಾರ.

ಲಾರಿ ಸುಮ್ಮನಾಗಲಿಲ್ಲ. ಪತ್ರಿಕೆಯೇ ತನಗೆ ನಂಬಿಕೆಯುಳ್ಳ ವಿಜ್ಞಾನಿಯೊಬ್ಬರನ್ನು ಹೈದರಾಬಾದಿಗೆ ಕಳುಹಿಸಿ ಪ್ರಯೋಗಗಳನ್ನು ಕಣ್ಣಾರೆ ನೋಡಲಿ ಎಂದು ಅವರು ಸವಾಲೆಸೆದರು. ಅದಕ್ಕಾಗಿ ನಿಜಾಮರಿಂದ 1,000 ಪೌಂಡುಗಳನ್ನು ಕೊಡಿಸಿದರು. ದೇಶೀಯ ರಾಜನೊಬ್ಬ ಲಂಡನ್ನಿನ ವೈದ್ಯ ಪತ್ರಿಕೆಗೆ ಹಣ ಕೊಟ್ಟು ತನ್ನ ರಾಜಧಾನಿಗೆ ಪರೀಕ್ಷಕರನ್ನು ಕರೆಸಿಕೊಂಡ ಇಂಥ ನಿದರ್ಶನ ಆ ಕಾಲದ ವಿಜ್ಞಾನದ ಇತಿಹಾಸದಲ್ಲಿ ವಿರಳ.

ಎರಡನೆಯ ಆಯೋಗ

ಲ್ಯಾನ್ಸೆಟ್ ಆರಿಸಿದ್ದು ಥಾಮಸ್ ಲಾಡರ್ ಬ್ರಂಟನ್ ಅವರನ್ನು. ಲಂಡನ್ನಿನ ಸೇಂಟ್ ಬಾರ್ತಲೋಮ್ಯೂಸ್ ಆಸ್ಪತ್ರೆಯ ವೈದ್ಯರಾಗಿದ್ದ ಬ್ರಂಟನ್ 1867ರಲ್ಲೇ ಎದೆನೋವಿಗೆ ಅಮೈಲ್ ನೈಟ್ರೈಟ್ ಬಳಸಿ ಕೀರ್ತಿ ಪಡೆದಿದ್ದರು. ಔಷಧಗಳು ಹೃದಯದ ಮೇಲೆ ಮಾಡುವ ಪರಿಣಾಮ ಅವರ ವಿಶೇಷ ವಿಷಯ. ಕ್ಲೋರೋಫಾರ್ಮ್ ಹೃದಯಕ್ಕೆ ಅಪಾಯಕಾರಿ ಎಂಬ ಪಕ್ಷದವರೇ ಆಗಿ ಅವರು ಭಾರತಕ್ಕೆ ಹೊರಟರು. ಆಗ ಮುಂಬಯಿಯಿಂದ ಹೈದರಾಬಾದಿಗೆ ರೈಲುಮಾರ್ಗ ಸೊಲ್ಲಾಪುರ, ಕಲಬುರಗಿ, ವಾಡಿ ಜಂಕ್ಷನ್‌ಗಳ ಮೇಲಿಂದ ಹಾಯುತ್ತಿತ್ತು. ವಾಡಿಯಲ್ಲಿ ನಿಜಾಮರ ರೈಲು ಕವಲೊಡೆಯುತ್ತಿತ್ತು. ಸಂತ ಶರಣಬಸವೇಶ್ವರರ (1746–1822) ದೇವಸ್ಥಾನ ಮತ್ತು ಅದರ ದಾಸೋಹದಿಂದ ಹೆಸರಾದ ಕಲಬುರಗಿ ಪಶ್ಚಿಮದ ಕಡೆಯಿಂದ ಬರುವವರಿಗೆ ಸಂಸ್ಥಾನದೊಳಗೆ ಮೊದಲು ಸಿಗುವ ದೊಡ್ಡ ಊರಾಗಿತ್ತು.

ಬ್ರಂಟನ್ 1889ರ ಅಕ್ಟೋಬರಿನಲ್ಲಿ ಹೈದರಾಬಾದ್ ತಲುಪಿದರು. ಲಾರಿ ಅಧ್ಯಕ್ಷರಾಗಿದ್ದ ಆಯೋಗದಲ್ಲಿ ಬ್ರಂಟನ್ ಅವರೊಂದಿಗೆ ಭಾರತ ಸರ್ಕಾರದ ಪರವಾಗಿ ಜೆರಾಲ್ಡ್ ಬೊಮ್‌ಫರ್ಡ್ ಮತ್ತು ನಿಜಾಮ ಸರ್ಕಾರದ ಸೇವೆಯಲ್ಲಿದ್ದ ಡಾ. ರುಸ್ತುಮ್‌ಜಿ ಇದ್ದರು. ಪ್ರಯೋಗಗಳು ಅಕ್ಟೋಬರ್ 23ರಿಂದ ಡಿಸೆಂಬರ್ 18ರವರೆಗೆ ನಡೆದವು.

ಬ್ರಿಟನ್ನಿನಲ್ಲಿ 1876ರ ಪ್ರಾಣಿ ಕ್ರೌರ್ಯ ಕಾಯಿದೆಯ ಪ್ರಕಾರ ಇಂಥ ಪ್ರಯೋಗಗಳಿಗೆ ಪರವಾನಗಿ ಬೇಕಾಗಿತ್ತು. ಇಷ್ಟು ದೊಡ್ಡ ಪ್ರಮಾಣದಲ್ಲಿ ಅಲ್ಲಿ ಮಾಡುವುದು ಅಸಾಧ್ಯವೇ ಆಗಿತ್ತು. ನಿಜಾಮರ ಸಂಸ್ಥಾನಕ್ಕೆ ಆ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಡಿಸೆಂಬರಿನಲ್ಲಿ ಬ್ರಂಟನ್ ಲಂಡನ್ನಿಗೆ ಕಳುಹಿಸಿದ ತಂತಿಯ ಪ್ರಕಾರ ಅಷ್ಟರಲ್ಲಿ ನಾಯಿ, ಕುದುರೆ, ಕೋತಿ, ಮೇಕೆ, ಬೆಕ್ಕು, ಮೊಲ ಸೇರಿ 490 ಪ್ರಾಣಿಗಳನ್ನು ಬಳಸಲಾಗಿತ್ತು. ಇವುಗಳಲ್ಲಿ 120ರ ರಕ್ತದೊತ್ತಡವನ್ನು ಮ್ಯಾನೋಮೀಟರಿನಿಂದ ಅಳೆಯಲಾಗಿತ್ತು. ತಿರುಗುವ ಉರುಳೆಯ ಮೇಲೆ ರಕ್ತದೊತ್ತಡ ಮತ್ತು ಉಸಿರಾಟದ ಗೆರೆಗಳು ದಾಖಲಾಗುತ್ತಿದ್ದವು. ಆ ಗೆರೆಗಳೆಲ್ಲವನ್ನೂ ಛಾಯಾಚಿತ್ರ ತೆಗೆದು ಕಾಪಾಡಲಾಯಿತು. ಪ್ರಯೋಗದ ವಿವರಗಳನ್ನು ಯಾರು ಬೇಕಾದರೂ ಮರುಪರೀಕ್ಷಿಸುವಂತೆ ಹೀಗೆ ಬಿಟ್ಟುಹೋದದ್ದು ಆಯೋಗದ ದೊಡ್ಡ ಗುಣ. ಮುಂದೆ ಅದರ ತೀರ್ಮಾನಗಳನ್ನು ಟೀಕಿಸಿದವರಿಗೂ ಅದೇ ಗೆರೆಗಳು ಆಧಾರವಾದವು.

ಫಲಿತಾಂಶದ ವಿಷಯದಲ್ಲಿ ಬ್ರಂಟನ್ ಲಾರಿಯವರ ಪಕ್ಷಕ್ಕೆ ಬಂದರು. ಕ್ಲೋರೋಫಾರ್ಮಿನ ಅಪಾಯ ಉಸಿರು ಕಟ್ಟುವುದರಿಂದಲೋ ಮಿತಿಮೀರಿದ ಪ್ರಮಾಣದಿಂದಲೋ ಬರುತ್ತದೆ, ಹೃದಯಕ್ಕೆ ನೇರ ಅಪಾಯವಿಲ್ಲ ಎಂಬ ಅರ್ಥದ ಅವರ ತಂತಿ ಲಂಡನ್ನಿನಲ್ಲಿ ದೊಡ್ಡ ಅಚ್ಚರಿ ಉಂಟುಮಾಡಿತು. ವರದಿ 1890ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಎರಡೂ ಆಯೋಗಗಳ ಸಂಯುಕ್ತ ವರದಿ 1891ರಲ್ಲಿ ಮುಂಬಯಿಯಲ್ಲಿ ಅಚ್ಚಾಯಿತು.

ಆಯೋಗದ ತೀರ್ಮಾನಗಳು

ಆಯೋಗದ ವಿವರಣೆ ನರಮಂಡಲವನ್ನು ಕೇಂದ್ರದಲ್ಲಿಟ್ಟಿತ್ತು. ರಕ್ತದ ಮೂಲಕ ಮಿದುಳನ್ನು ಮುಟ್ಟಿದ ಕ್ಲೋರೋಫಾರ್ಮ್ ಮೊದಲು ಪ್ರಜ್ಞೆಯನ್ನೂ ಆಮೇಲೆ ಸ್ನಾಯುಗಳ ಬಿಗಿಯನ್ನೂ ಕಳೆಯುತ್ತದೆ. ಪ್ರಮಾಣ ಇನ್ನೂ ಹೆಚ್ಚಾದರೆ ಮಿದುಳಿನ ಬುಡದಲ್ಲಿರುವ ಮೆಡುಲ್ಲಾ ಎಂಬ ಭಾಗದ ಉಸಿರಾಟದ ಕೇಂದ್ರ ಸ್ತಬ್ಧವಾಗುತ್ತದೆ. ಉಸಿರು ನಿಂತ ಬಳಿಕ ಆಮ್ಲಜನಕವಿಲ್ಲದೆ ಹೃದಯವೂ ನಿಲ್ಲುತ್ತದೆ. ಅರಿವಳಿಕೆಯ ಸಮಯದಲ್ಲಿ ರಕ್ತದೊತ್ತಡ ಇಳಿಯುವುದು ನಿಜ. ಆದರೆ ಅದು ರಕ್ತನಾಳಗಳನ್ನು ನಿಯಂತ್ರಿಸುವ ನರಕೇಂದ್ರ ದುರ್ಬಲವಾದುದರಿಂದ ಆಗುವುದೇ ಹೊರತು ಹೃದಯದ ದೌರ್ಬಲ್ಯದಿಂದಲ್ಲ, ಅದರಿಂದ ಕೇಡೂ ಇಲ್ಲ ಎಂದು ಆಯೋಗ ಹೇಳಿತು.

ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ವಿಷಯದಲ್ಲಿ ಆಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಈ ನರ ಕೆರಳಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ಕೆಲವೊಮ್ಮೆ ಕ್ಷಣಕಾಲ ನಿಲ್ಲುತ್ತದೆ. ಇದೇ ಸಾವಿಗೆ ಕಾರಣವಿರಬಹುದೆಂದು ಹಲವರು ಶಂಕಿಸಿದ್ದರು. ಆಯೋಗ ಇದನ್ನು ತಲೆಕೆಳಗು ಮಾಡಿ, ಬಡಿತ ನಿಧಾನವಾದಾಗ ಕ್ಲೋರೋಫಾರ್ಮ್ ತುಂಬಿದ ರಕ್ತ ಮಿದುಳಿಗೆ ಹೋಗುವುದು ಕಡಿಮೆಯಾಗುವುದರಿಂದ ವೇಗಸ್ ನರ ವಾಸ್ತವವಾಗಿ ಪ್ರಾಣರಕ್ಷಕ ಎಂದು ವಾದಿಸಿತು. ಜಾಣತನದ ವಾದವೇನೋ ಹೌದು. ಆದರೆ ಅನುಕೂಲವಲ್ಲದ ಸಾಕ್ಷ್ಯವನ್ನೂ ತಮ್ಮ ಕಡೆಗೆ ತಿರುಗಿಸಿಕೊಳ್ಳುವ ಲಾರಿಯವರ ಪ್ರವೃತ್ತಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ವರದಿಯ ಪ್ರಾಯೋಗಿಕ ನಿಯಮಗಳು ಹೆಚ್ಚು ಕಾಲ ಬಾಳಿದವು. ಉಸಿರಾಟಕ್ಕೆ ಅಡ್ಡಿಯಾದರೆ ಕೆಳದವಡೆಯನ್ನು ಮುಂದಕ್ಕೆ ಎತ್ತುವುದು, ರೋಗಿ ಒದ್ದಾಡುವಾಗ ಅಥವಾ ಉಸಿರು ಬಿಗಿಹಿಡಿದಾಗ ಮುಸುಕನ್ನು ತೆಗೆಯುವುದು, ಉಸಿರು ನಿಂತ ಕೂಡಲೇ ಕೃತಕ ಉಸಿರಾಟ ಆರಂಭಿಸುವುದು, ಪೂರ್ಣ ಅರಿವಳಿಕೆ ಬರುವ ಮೊದಲು ಕತ್ತಿ ಹಾಕದಿರುವುದು ಇವುಗಳಲ್ಲಿ ಮುಖ್ಯವಾದವು. ಒದ್ದಾಡುವ ರೋಗಿ ಒಮ್ಮೆಲೇ ದೀರ್ಘವಾಗಿ ಉಸಿರೆಳೆದುಕೊಂಡಾಗ ಮಾರಕ ಪ್ರಮಾಣದ ಆವಿ ಒಳಹೋಗಬಹುದೆಂಬುದನ್ನು ಆಯೋಗ ಸರಿಯಾಗಿ ಗುರುತಿಸಿತ್ತು.

ವಿರೋಧ

ವರದಿಯ ಮಸಿ ಆರುವ ಮೊದಲೇ ವಿರೋಧ ಆರಂಭವಾಯಿತು. ಅಬರ್ಡೀನಿನ ಜಾನ್ ಮ್ಯಾಕ್‌ವಿಲಿಯಮ್ 1890ರಲ್ಲಿ ಬೆಕ್ಕುಗಳ ಹೃದಯವನ್ನು ನೇರವಾಗಿ ವೀಕ್ಷಿಸಿ, ಉಸಿರಾಟ ನಡೆಯುತ್ತಿರುವಾಗಲೇ ಕ್ಲೋರೋಫಾರ್ಮಿನಿಂದ ಹೃದಯ ಹಿಗ್ಗಿ ದುರ್ಬಲವಾಗುವುದನ್ನು ತೋರಿಸಿದರು. ಅಮೆರಿಕದ ವುಡ್ ಮತ್ತು ಹೇರ್ ಕೂಡ ಹೈದರಾಬಾದಿನ ತೀರ್ಮಾನವನ್ನು ತಿರಸ್ಕರಿಸಿದರು. ಲ್ಯಾನ್ಸೆಟ್ ಪತ್ರಿಕೆಯೇ ಆಸ್ಪತ್ರೆಗಳಲ್ಲಿ ನಡೆದ ಸಾವುಗಳ ದಾಖಲೆಗಳನ್ನು ಕಲೆಹಾಕಿಸಿತು. 1893ರಲ್ಲಿ ಡಡ್ಲಿ ಬಕ್ಸ್‌ಟನ್ ಅವರು ಸಿದ್ಧಪಡಿಸಿದ ಆ ವರದಿಯಲ್ಲಿ ಉಸಿರಾಟಕ್ಕಿಂತ ಮೊದಲು ನಾಡಿ ನಿಂತ ಸಂದರ್ಭಗಳಿದ್ದವು.

ನಿರ್ಣಾಯಕವಾದ ಪೆಟ್ಟು ಕೇಂಬ್ರಿಜ್‌ನಿಂದ ಬಂತು. ವಿಪರ್ಯಾಸವೆಂದರೆ ಅದಕ್ಕೂ ನಿಜಾಮ ಸರ್ಕಾರದ ಹಣವೇ ನೆರವಾಗಿತ್ತು. ಹೃದಯ ಮತ್ತು ಮಿದುಳುಗಳಲ್ಲಿ ರಕ್ತದೊತ್ತಡದ ಇಳಿತಕ್ಕೆ ಯಾವುದು ಕಾರಣ ಎಂಬುದನ್ನು ಬೇರ್ಪಡಿಸಿ ನೋಡಲು ವಾಲ್ಟರ್ ಗ್ಯಾಸ್ಕೆಲ್ ಮತ್ತು ಲೂಯಿಸ್ ಶೋರ್ ಒಂದು ಉಪಾಯ ಮಾಡಿದರು. ಒಂದು ಪ್ರಾಣಿಯ ಮಿದುಳಿಗೆ ಇನ್ನೊಂದು ಪ್ರಾಣಿಯ ರಕ್ತ ಹರಿಯುವಂತೆ ರಕ್ತನಾಳಗಳನ್ನು ಜೋಡಿಸಿದರು. ಹೀಗೆ ಮಾಡಿದಾಗ ಕ್ಲೋರೋಫಾರ್ಮನ್ನು ಮಿದುಳಿಗೆ ಮಾತ್ರ ಅಥವಾ ಹೃದಯಕ್ಕೆ ಮಾತ್ರ ಮುಟ್ಟಿಸಬಹುದು. ಮಿದುಳಿಗೆ ಮಾತ್ರ ಮುಟ್ಟಿಸಿದಾಗ ರಕ್ತದೊತ್ತಡ ಇಳಿಯಲಿಲ್ಲ, ಏರಿತು. ಹೃದಯಕ್ಕೆ ಮುಟ್ಟಿಸಿದಾಗ ಇಳಿಯಿತು. ಅಂದರೆ ಲಾರಿಯವರು ನರಕೇಂದ್ರದ ಮೇಲೆ ಹೊರಿಸಿದ್ದ ದೋಷ ವಾಸ್ತವವಾಗಿ ಹೃದಯದ್ದಾಗಿತ್ತು. 1893ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಲಾರಿ ಇದನ್ನು ಒಪ್ಪಲಿಲ್ಲ. ಅದೇ ಪ್ರಯೋಗವನ್ನು ಹೈದರಾಬಾದಿನಲ್ಲಿ ಮಾಡಿಸಿ ಬೇರೆ ಫಲಿತಾಂಶ ಬಂದಿದೆ ಎಂದು ಪ್ರಕಟಿಸಿದರು. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಪತ್ರಗಳು ಹರಿದಾಡಿದವು. ಇಂಗ್ಲೆಂಡಿನ ವೈದ್ಯರು ನಾಡಿಯನ್ನು ನೋಡುತ್ತಾ ಕೂತು ಉಸಿರನ್ನು ಮರೆಯುವುದರಿಂದಲೇ ಅಲ್ಲಿ ರೋಗಿಗಳು ಸಾಯುತ್ತಾರೆ ಎಂಬ ಅವರ ಮಾತು ಎದುರಾಳಿಗಳನ್ನು ಕೆರಳಿಸುತ್ತಿತ್ತು. ಪ್ರತಿ ಸಾವಿನ ಹಿಂದೆಯೂ ಒಬ್ಬ ವೈದ್ಯನ ಅಪರಾಧವಿದೆ ಎಂಬ ಧ್ವನಿ ಅದರಲ್ಲಿತ್ತು.

ಮಲೇರಿಯಾ ವಿವಾದ

ಲಾರಿಯವರ ಇನ್ನೊಂದು ವಾದವೂ ತಪ್ಪಾಯಿತು. ಮಲೇರಿಯಾ ರೋಗಿಗಳ ರಕ್ತದಲ್ಲಿ ಲಾವರನ್ ಕಂಡಿದ್ದ ಪರೋಪಜೀವಿಯ ಅಸ್ತಿತ್ವವನ್ನೇ ಅವರು 1890ರ ದಶಕದಲ್ಲಿ ಬಹಿರಂಗವಾಗಿ ಶಂಕಿಸಿದರು. ಅದೇ ಕಾಲದಲ್ಲಿ ಹತ್ತಿರದ ಸಿಕಂದರಾಬಾದಿನ ಸೈನಿಕ ಠಾಣೆಯಲ್ಲಿ, ನಡುವೆ ಬೆಂಗಳೂರಿನಲ್ಲಿಯೂ ಕೆಲಸ ಮಾಡಿದ್ದ ರೊನಾಲ್ಡ್ ರಾಸ್ ಈ ಪರೋಪಜೀವಿಯ ಬೆನ್ನು ಹತ್ತಿದ್ದರು. 1897ರ ಆಗಸ್ಟ್ 20ರಂದು ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಪರೋಪಜೀವಿಯನ್ನು ಕಂಡ ಮೇಲೆ ಈ ವಿಷಯದಲ್ಲಿ ಲಾರಿಯವರ ಪಕ್ಷಕ್ಕೆ ನೆಲೆಯಿಲ್ಲದಾಯಿತು.

ಕೊನೆಯ ವರ್ಷಗಳು

ಸುಮಾರು ಒಂದೂವರೆ ದಶಕ ಹೈದರಾಬಾದಿನಲ್ಲಿ ಸೇವೆ ಸಲ್ಲಿಸಿ ಲಾರಿ ನಿವೃತ್ತರಾದರು. 1901ರಲ್ಲಿ ಕ್ಲೋರೋಫಾರ್ಮ್ ಕುರಿತು ವಿದ್ಯಾರ್ಥಿಗಳಿಗೂ ವೈದ್ಯರಿಗೂ ಉಪಯೋಗವಾಗುವ ಕೈಪಿಡಿಯೊಂದನ್ನು ಲಂಡನ್ನಿನಲ್ಲಿ ಪ್ರಕಟಿಸಿದರು. ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಆವಿಯ ಪ್ರಮಾಣವನ್ನು ಅಳೆದು ಕೊಡುವ ಸ್ನೋ ಅವರ ದಾರಿಗೆ ಮತ್ತೆ ಮನ್ನಣೆ ಬಂದಿತ್ತು. ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಅದಕ್ಕಾಗಿ ವಿಶೇಷ ಸಮಿತಿಯನ್ನೇ ನೇಮಿಸಿತ್ತು. ಲಾರಿ 1915ರಲ್ಲಿ ನಿಧನರಾದರು.

ನಂತರದ ಸಂಶೋಧನೆ

ಒಗಟು ಬಿಡಿಸಿದವರು ಆಲ್ಫ್ರೆಡ್ ಗುಡ್‌ಮನ್ ಲೆವಿ. 1911ರಲ್ಲಿ ಥಾಮಸ್ ಲೂಯಿಸ್ ಅವರೊಂದಿಗೆ ಬೆಕ್ಕುಗಳ ಮೇಲೆ ನಡೆಸಿದ ಪ್ರಯೋಗಗಳಿಂದ ಆರಂಭಿಸಿ ಅವರು ತೋರಿಸಿದ್ದೇನೆಂದರೆ, ಕ್ಲೋರೋಫಾರ್ಮ್ ಹೃದಯವನ್ನು ಅಡ್ರಿನಲಿನ್‌ಗೆ ಅತಿ ಸೂಕ್ಷ್ಮವಾಗಿಸುತ್ತದೆ. ಆ ಸ್ಥಿತಿಯಲ್ಲಿ ಅಡ್ರಿನಲಿನ್ ಏರಿದರೆ ಹೃದಯದ ಕೆಳಕೋಣೆಗಳು ಕ್ರಮ ತಪ್ಪಿ ಅದುರತೊಡಗಿ ರಕ್ತವನ್ನು ಒತ್ತುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಇದು ಹೆಚ್ಚಾಗಿ ಸಂಭವಿಸುವುದು ಅರಿವಳಿಕೆ ಗಾಢವಾಗಿದ್ದಾಗಲ್ಲ, ಹಗುರವಾಗಿದ್ದಾಗ. ಹೆದರಿ ನಡುಗುವ ರೋಗಿಯ ದೇಹದಲ್ಲಿ ಅಡ್ರಿನಲಿನ್ ಸಹಜವಾಗಿಯೇ ಹೆಚ್ಚಿರುತ್ತದೆ. ಉಗುರು ತೆಗೆಸಿಕೊಳ್ಳಲು ಬಂದ ಹುಡುಗಿಯರು, ಹಲ್ಲು ಕೀಳಿಸಿಕೊಳ್ಳಲು ಬಂದ ಯುವಕರು ಔಷಧದ ಮೊದಲ ಕೆಲವು ನಿಮಿಷಗಳಲ್ಲೇ ಸಾಯುತ್ತಿದ್ದುದಕ್ಕೆ ಇದರಿಂದ ಅರ್ಥ ದೊರೆಯಿತು.

ಹೈದರಾಬಾದಿನ ನೂರಾರು ಪ್ರಾಣಿಗಳಲ್ಲಿ ಇದು ಏಕೆ ಕಣ್ಣಿಗೆ ಬೀಳಲಿಲ್ಲ ಎಂಬುದಕ್ಕೂ ಉತ್ತರ ಇಲ್ಲಿದೆ. ಆಯೋಗದವರು ಬಹುತೇಕ ಪ್ರಾಣಿಗಳಿಗೆ ಉಸಿರು ನಿಲ್ಲುವವರೆಗೂ ಒಂದೇ ಸಮನೆ ಕ್ಲೋರೋಫಾರ್ಮ್ ಕೊಟ್ಟರು. ಹಾಗೆ ಕೊಟ್ಟರೆ ಮಿದುಳಿನ ಉಸಿರಾಟದ ಕೇಂದ್ರವೇ ಮೊದಲು ಸೋಲುತ್ತದೆ. ಆ ಮಟ್ಟಿಗೆ ಅವರು ಕಂಡದ್ದು ಸತ್ಯ. ಅವರ ತಪ್ಪು, ಮಿತಿಮೀರಿದ ಪ್ರಮಾಣದಿಂದ ಬರುವ ಸಾವೊಂದೇ ಸಾವು ಎಂದು ಭಾವಿಸಿದ್ದು. ಡೆಕ್ಕನ್ನಿನ ಸೆಖೆಯಲ್ಲಿ, ಗಾಳಿಯಾಡುವ ಕೋಣೆಯಲ್ಲಿ, ತೆರೆದ ಬಟ್ಟೆಯಿಂದ ಕ್ಲೋರೋಫಾರ್ಮ್ ಬೇಗ ಚದುರುತ್ತಿದ್ದುದೂ ಲಾರಿಯವರ ಆಸ್ಪತ್ರೆಯ ಯಶಸ್ಸಿಗೆ ಒಂದು ಕಾರಣವೆಂದು ಇತಿಹಾಸಕಾರರು ಊಹಿಸುತ್ತಾರೆ. ಕ್ಲೋರೋಫಾರ್ಮಿನ ಇನ್ನೊಂದು ಕೇಡನ್ನು, ಶಸ್ತ್ರಕ್ರಿಯೆಯ ಒಂದೆರಡು ದಿನಗಳ ಬಳಿಕ ಯಕೃತ್ತು ಕೆಟ್ಟು ಬರುವ ಸಾವನ್ನು, 1894ರಲ್ಲಿ ಲಿಯೊನಾರ್ಡ್ ಗಥ್ರಿ ಮಕ್ಕಳಲ್ಲಿ ಗುರುತಿಸಿದರು. ಹೈದರಾಬಾದಿನ ಪ್ರಯೋಗಗಳು ಆ ದಿಕ್ಕಿನಲ್ಲಿ ನೋಡಲೇ ಇಲ್ಲ.

1956ರಲ್ಲಿ ಹ್ಯಾಲೋಥೇನ್ ಬಳಕೆಗೆ ಬಂದ ನಂತರ ಕ್ಲೋರೋಫಾರ್ಮ್ ಶಸ್ತ್ರಕ್ರಿಯಾ ಕೊಠಡಿಗಳಿಂದ ಕ್ರಮೇಣ ಮರೆಯಾಯಿತು. ಆದರೆ ಅರಿವಳಿಕೆ ಔಷಧ ಮಿದುಳಿನ ಬುಡವನ್ನು ಮುಟ್ಟಿ ಉಸಿರು ನಿಲ್ಲಿಸುವ ಅಪಾಯ ಪೂರ್ಣವಾಗಿ ಹೋಗಿಲ್ಲ. ಕಣ್ಣಿನ ಪೊರೆಯ ಶಸ್ತ್ರಕ್ರಿಯೆಗಾಗಿ ಕಣ್ಣುಗುಡ್ಡೆಯ ಹಿಂದೆ ಚುಚ್ಚುವ ಸ್ಥಳೀಯ ಅರಿವಳಿಕೆ ತೀರಾ ಅಪರೂಪಕ್ಕೆ ದೃಷ್ಟಿನರದ ಹೊದಿಕೆಯ ಮೂಲಕ ಮಿದುಳಿನ ಕಾಂಡವನ್ನು ತಲುಪಿ, ರೋಗಿಯನ್ನು ಕೆಲವೇ ನಿಮಿಷಗಳಲ್ಲಿ ಪ್ರಜ್ಞಾಹೀನಗೊಳಿಸಿ ಉಸಿರು ನಿಲ್ಲಿಸುತ್ತದೆ. ಬೆನ್ನುಹುರಿಗೆ ಕೊಡುವ ಅರಿವಳಿಕೆ ಮಿತಿಮೀರಿ ಮೇಲಕ್ಕೇರಿದಾಗಲೂ ಹೀಗಾಗಬಹುದು. ಸ್ಥಳೀಯ ಅರಿವಳಿಕೆ ರಕ್ತನಾಳಕ್ಕೆ ಸೇರಿದರೆ ಮೊದಲು ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್‌ಗುಡುವಿಕೆ, ಆಮೇಲೆ ಅಪಸ್ಮಾರದಂತಹ ಸೆಳವು ಕಾಣಿಸಿಕೊಳ್ಳುತ್ತದೆ. ಪ್ರಮಾಣ ಹೆಚ್ಚಿದ್ದರೆ ಹೃದಯವೂ ನಿಲ್ಲುತ್ತದೆ. ಇಂಥ ಸಂದರ್ಭಗಳಲ್ಲಿ ಮೊದಲ ಚಿಕಿತ್ಸೆ ಲಾರಿಯವರ ವರದಿ ಒತ್ತಿ ಹೇಳಿದ್ದೇ: ದವಡೆಯನ್ನು ಎತ್ತಿ ದಾರಿ ಬಿಡಿಸಿ, ತಡಮಾಡದೆ ಕೃತಕವಾಗಿ ಉಸಿರು ಕೊಡುವುದು. ವ್ಯತ್ಯಾಸವೆಂದರೆ ಇಂದಿನ ಅರಿವಳಿಕೆ ತಜ್ಞರು ಉಸಿರಿನ ಜೊತೆಗೆ ನಾಡಿ, ರಕ್ತದೊತ್ತಡ, ಹೃದಯದ ವಿದ್ಯುತ್ ಗೆರೆ ಮತ್ತು ರಕ್ತದ ಆಮ್ಲಜನಕವನ್ನೂ ಎಡೆಬಿಡದೆ ನೋಡುತ್ತಿರುತ್ತಾರೆ.

ಸ್ಮರಣೆ

ಲಾರಿ ಕೆಲಸ ಮಾಡಿದ ಅಫ್ಜಲ್‌ಗಂಜ್ ಆಸ್ಪತ್ರೆ 1908ರ ಮೂಸಿ ನದಿಯ ಪ್ರವಾಹದಲ್ಲಿ ನಾಶವಾಯಿತು. ಅದರ ಉತ್ತರಾಧಿಕಾರಿಯಾಗಿ ಉಸ್ಮಾನಿಯಾ ಜನರಲ್ ಆಸ್ಪತ್ರೆ ತಲೆಯೆತ್ತಿತು. ಹೈದರಾಬಾದ್ ಮೆಡಿಕಲ್ ಸ್ಕೂಲ್ ಮುಂದೆ ಉಸ್ಮಾನಿಯಾ ವೈದ್ಯಕೀಯ ಕಾಲೇಜಾಗಿ ಬೆಳೆಯಿತು. 1956ರಲ್ಲಿ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾಯಿತು. ಅರಿವಳಿಕೆ ಶಾಸ್ತ್ರದ ಇತಿಹಾಸಗಳಲ್ಲಿ ಹೈದರಾಬಾದ್ ಆಯೋಗಗಳಿಗೆ ಪ್ರತ್ಯೇಕ ಅಧ್ಯಾಯವೇ ಮೀಸಲಾಗಿರುವುದುಂಟು. ಅವುಗಳಲ್ಲಿ ಲಾರಿಯವರ ಹೆಸರಿನ ಪಕ್ಕದಲ್ಲಿ ಈಗೀಗ ರೂಪಾಬಾಯಿ ಫರ್ದೂನ್‌ಜಿಯವರ ಹೆಸರೂ ಕಾಣಿಸುತ್ತಿದೆ.